ಟ್ಯಾಂಕರಿನ ಮೊದಲ ಗ್ಲಾಸು

ನಿಗಡಿ, ಪುಣೆ
೧೪ ಜೂನ್ ೨೦೨೪

ಚಿತ್ರಾಳಿಗೆ,

ಕಾಗದದಲ್ಲಿ ಮೊದಲು ಆಶೀರ್ವಾದ ಬರೆಯಬೇಕಂತೆ. ನಿನ್ನ ಅಜ್ಜಿ ಪಕ್ಕದಲ್ಲೇ ಕುಳಿತು ಹೇಳುತ್ತಿದ್ದಾಳೆ. ಬರೆದಿದ್ದೇನೆ, ಓದಿಕೋ.

ಫೋನಿನಲ್ಲಿ ನಾನು ಬೊಬ್ಬೆ ಹೊಡೆಯುತ್ತೇನೆ, ನೀನು ಫೋನ್ ಇಟ್ಟುಬಿಡುತ್ತೀ. ಪ್ರತಿ ಸಲ ಇದೇ ಆಯಿತು. ಅದಕ್ಕೆ ಅಜ್ಜಿಯ ತೀರ್ಮಾನ: "ಇನ್ನು ನೀವಿಬ್ಬರು ಕಾಗದ ಬರೆಯಿರಿ. ಕಾಗದದಲ್ಲಿ ಬೊಬ್ಬೆ ಕೇಳುವುದಿಲ್ಲ." ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಊರಿನಿಂದ ಪುಣೆಯ ಬಸ್ಸು ಹತ್ತಿದವ. ತಪ್ಪಿದ್ದರೆ ಸರಿಮಾಡಿಕೊಂಡು ಓದು, ನನಗೆ ಹೇಳಲು ಬರಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಸಿಕ್ಕಿದ ಸೀಟನ್ನು ಬಿಟ್ಟು, ನನಗೆ ಒಂದು ಮಾತು ಹೇಳದೆ, ದೂರದ ದೌಂಡಿಗೆ ಹೋಗಿ ನೀರು ಮತ್ತು ಕೊಳಚೆ ಶುದ್ಧ ಮಾಡುವ ಡಿಪ್ಲೊಮಾಕ್ಕೆ ಸೇರಿದ್ದೀ. ಮಸ್ಕತ್ತಿನಿಂದ ನಿನ್ನ ಅಪ್ಪ "ಅವಳ ಇಷ್ಟ" ಅಂದನಂತೆ. ಅವನು ಅಲ್ಲಿ ಏಸಿಯಲ್ಲಿ ಕುಳಿತು ಏನು ಬೇಕಾದರೂ ಅನ್ನಬಹುದು. ಇಲ್ಲಿ ನಿನ್ನನ್ನು ಸಾಕಿ ದೊಡ್ಡದು ಮಾಡಿದ್ದು ನಾನು ಮತ್ತು ನಿನ್ನ ಅಜ್ಜಿ.

ನಮ್ಮ ಹೋಟೆಲಿನ ಕ್ರಮ ನಿನಗೆ ಗೊತ್ತುಂಟು. ಟ್ಯಾಂಕರ್ ಬಂದರೆ, ಅದರ ಪೈಪು ನೆಲದಡಿಯ ನೀರಿನ ಸಂಪಿಗೆ ಇಳಿಯುವ ಮೊದಲು ಮನೆಯವರೊಬ್ಬರು ಒಂದು ಗ್ಲಾಸು ಕುಡಿದು ನೋಡಬೇಕು. ಮನೆಯವರು ಕುಡಿಯದ ನೀರು ಗಿರಾಕಿಗೆ ಇಲ್ಲ. ಹೋಟೆಲ್ ಇಟ್ಟ ದಿನದಿಂದ ಆ ಗ್ಲಾಸು ನನ್ನದಾಗಿತ್ತು. ನೀನು ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗ ಒಂದು ದಿನ ನನ್ನ ಕೈಯಿಂದ ಕಸಿದು ಕುಡಿದು, "ಅಜ್ಜ, ಇದು ಮೊನ್ನೆಯ ಬಾವಿಯದ್ದಲ್ಲ" ಅಂದೆ. ಡ್ರೈವರ್ ಸ್ವಪ್ನಿಲ್ ಬಾಯಿ ಬಿಟ್ಟುಕೊಂಡು ನಿಂತಿದ್ದ. ಬಾವಿ ಬದಲಾಗಿದ್ದು ನಿಜ. ಅಂದಿನಿಂದ ಮೊದಲ ಗ್ಲಾಸು ನಿನ್ನದಾಯಿತು. ನಿನ್ನನ್ನು ಕಂಡರೆ ಅವನು "ಆಲ್ಯಾ ಇನ್‌ಸ್ಪೆಕ್ಟರ್ ಮೇಡಂ" ಎಂದು ನೀನು ಬಂದದ್ದನ್ನು ಸಾರಿ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದ.

ಅಂಥ ನಾಲಿಗೆ ಈ ಮನೆಯಲ್ಲಿ ಇನ್ನೊಬ್ಬರಿಗಿಲ್ಲ. ನಿನ್ನ ಅಣ್ಣ ಸುಖೇಶನಿಗೆ ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನೀನು ಓದಿ ಬಂದು ಹೋಟೆಲ್ ನೋಡಿಕೊಳ್ಳುತ್ತೀ ಎಂದು ನಾನು ಎಲ್ಲರಿಗೂ ಹೇಳಿಯಾಗಿದೆ. ಆ ನಾಲಿಗೆಯನ್ನು ಗಟಾರಕ್ಕೆ ಹಾಕುವುದಾದರೆ ಹಾಕು. ಆದರೆ ಟ್ಯಾಂಕರಿನ ಮೊದಲ ಗ್ಲಾಸು ಇನ್ನು ನಿನ್ನದಲ್ಲ. ರಜೆಗೆ ಬಂದರೂ ಅಲ್ಲ.

ಮೋಹನದಾಸ್
(ಹೋಟೆಲಿನ ಮಾಲೀಕ)

•

ಹಾಸ್ಟೆಲ್, ದೌಂಡ್
೬ ಜುಲೈ ೨೦೨೪

ಅಜ್ಜನಿಗೆ ನಮಸ್ಕಾರ,

ನಿಮ್ಮ ಕಾಗದ ಓದುವಾಗ ಬೊಬ್ಬೆ ಕೇಳಿಸಿತು. ಅಜ್ಜಿಗೆ ಹೇಳಿ, ಉಪಾಯ ಪೂರ್ತಿ ಫಲಿಸಿಲ್ಲ.

ನಿಮಗೆ ಹೇಳದೆ ಬಂದದ್ದು ತಪ್ಪು. ಹೇಳಿದ್ದರೆ ಬರಲು ಆಗುತ್ತಿರಲಿಲ್ಲ.

ನೀವು ಹೇಳಿದ ಕಾಲೇಜನ್ನು ನೋಡಲು ಹೋಗಿದ್ದೆನಲ್ಲ, ಅಲ್ಲಿ ನಮಗೆ ಕರವಸ್ತ್ರವನ್ನು ಹಂಸದ ಹಾಗೆ ಮಡಚಲು ಕಲಿಸಿದರು. ನನ್ನ ಹಂಸ ಚೆನ್ನಾಗಿಯೇ ಬಂತು. ಊಟದ ಹೊತ್ತಿಗೆ ಮೇಡಂ "ಪ್ರಶ್ನೆ ಇದ್ದರೆ ಕೇಳಿ" ಅಂದರು. ಎಲ್ಲರೂ ಕೆಲಸ ಯಾವ ದೇಶದಲ್ಲಿ ಸಿಗುತ್ತದೆ ಎಂದು ಕೇಳಿದರು. ಇಷ್ಟು ದೊಡ್ಡ ಅಡುಗೆಮನೆಗೆ ನೀರು ಎಲ್ಲಿಂದ ಬರುತ್ತದೆ, ತೊಳೆದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವಳು ನಾನೊಬ್ಬಳೇ. ಮೇಡಂ ನಕ್ಕು, "ಅದಕ್ಕೆ ಪ್ಲಂಬರ್ ಇದ್ದಾನೆ" ಅಂದರು. ಬಸ್ಸಿನಲ್ಲಿ ಬರುವಾಗ ನನಗೆ ಅದೊಂದೇ ಯೋಚನೆ. ನಾನು ಅಲ್ಲಿ ಮೂರು ವರ್ಷ ಹಂಸ ಮಡಚುತ್ತಾ ಪ್ಲಂಬರನನ್ನೇ ಹುಡುಕುತ್ತೇನೆ.

ಒಂದು ವಿಷಯ ನಿಮ್ಮನ್ನು ಎಂದೂ ಕೇಳಿರಲಿಲ್ಲ. ನೀರು ಸರಿಯಿಲ್ಲದಿದ್ದರೆ ನೀವು ಸ್ವಪ್ನಿಲ್‌ಗೆ "ವಾಪಸ್ ತಗೊಂಡು ಹೋಗು" ಅನ್ನುತ್ತಿದ್ದಿರಿ. ಅದು ಆಮೇಲೆ ಯಾರ ಸಂಪಿಗೆ ಇಳಿಯುತ್ತಿತ್ತು ಅಜ್ಜ?

ಇಲ್ಲಿ ಊಟದ ಸಾಂಬಾರಿಗೆ ಸಾಂಬಾರ್ ಎನ್ನಲು ಬಾಯಿ ಬರುವುದಿಲ್ಲ.

ನಿಮ್ಮ ಮೊಮ್ಮಗಳು,
ಚಿತ್ರಾ

•

ನಿಗಡಿ
೧೯ ಆಗಸ್ಟ್ ೨೦೨೪

ಚಿತ್ರಾ,

ಯಾರ ಸಂಪಿಗೆ ಇಳಿಯುತ್ತಿತ್ತು ಎಂದು ನಾನು ನೋಡುವುದಾದರೆ ಇಡ್ಲಿ ಬೇಯಿಸುವವರು ಯಾರು? ನಿನ್ನ ಮುತ್ತಜ್ಜನೋ?

ಇಲ್ಲಿ ನನ್ನ ಮಾನ ಹೋಗುತ್ತಾ ಉಂಟು. ಮಾರ್ಕೆಟ್ಟಿನ ಕಿರಾಣಿ ಸಿದ್ದಾರೂಢ ದಿನಾ ಕಾಫಿಗೆ ಬರುತ್ತಾನಲ್ಲ, ನಿನ್ನೆ ತುಂಬಿದ ಹೋಟೆಲಿನಲ್ಲಿ ಕೇಳಿದ. "ಏನ್ರಿ ಅಣ್ಣಾರ, ಮೊಮ್ಮಗಳು ಗಟಾರದ ಡಾಕ್ಟರ್ ಆಗಾಕ ಹೋಗ್ಯಾಳಂತಲ್ರಿ. ಸ್ಟೆತಸ್ಕೋಪ್ ಎಲ್ಲಿ ಹಚ್ಚತಾಳ್ರಿ, ಮ್ಯಾನ್‌ಹೋಲಿಗೇನ್ರಿ?" ಮೂಲೆಯ ಟೇಬಲಿನವರೂ ನಕ್ಕರು. ನಾನು "ಅವಳು ಕೆಮಿಸ್ಟ್ರಿ ಓದುವುದು" ಅಂದೆ. ಸುಳ್ಳಲ್ಲ ತಾನೆ? ಬಿಲ್ಲಿನಲ್ಲಿ ಅವನಿಗೆ ಒಂದು ಕಾಫಿ ಜಾಸ್ತಿ ಹಾಕಿದೆ.

ನೀನಿಲ್ಲದಿದ್ದರೆ ನೀರು ನಿಲ್ಲುತ್ತದೆ ಎಂದುಕೊಳ್ಳಬೇಡ. ಮೊದಲ ಗ್ಲಾಸು ಈಗ ಮತ್ತೆ ನನ್ನದು. ಸ್ವಪ್ನಿಲ್ ಹೊಸ ಬಾವಿಯಿಂದ ತರುತ್ತಾನೆ. ನೀರು ಎಂದರೆ ಅದು. ಎಳನೀರಿನ ಹಾಗೆ ಸಿಹಿ. ಚಟ್ನಿಯ ರುಚಿಯೇ ಬದಲಾಗಿದೆ ಎಂದು ಗಿರಾಕಿಗಳು ಹೇಳುತ್ತಾರೆ.

ಅಜ್ಜಿ ಸಾಂಬಾರ್ ಪುಡಿ ಕಳಿಸುತ್ತಿದ್ದಾಳೆ. ನಾನು ಕಳಿಸಿದ್ದಲ್ಲ.

ಮೋಹನದಾಸ್

•

ದೌಂಡ್
೨ ಸೆಪ್ಟೆಂಬರ್ ೨೦೨೪

ಅಜ್ಜ,

ಪುಡಿ ಬಂತು. ರೂಮಿನ ಹುಡುಗಿಯರೆಲ್ಲ ಅನ್ನಕ್ಕೆ ಹಾಗೇ ಕಲಸಿಕೊಂಡು ತಿಂದರು.

ಗಿರಾಕಿಯ ಗ್ಲಾಸಿಗೆ ಫಿಲ್ಟರ್ ನೀರು, ಸರಿ. ಆದರೆ ಚಟ್ನಿ ರುಬ್ಬುವುದು ಈಗಲೂ ಸಂಪಿನ ನೀರಿನಲ್ಲಿಯೇ ಅಲ್ಲವೇ? ಚಟ್ನಿಯನ್ನು ಯಾರೂ ಕುದಿಸುವುದಿಲ್ಲ.

ನೀರು ಸಿಹಿ ಎಂದಿರಿ, ಅದಕ್ಕೇ ಕೇಳುತ್ತಿದ್ದೇನೆ. ಇಲ್ಲಿ ನಾನು ಕಲಿತ ಮೊದಲನೇ ಪಾಠಕ್ಕೆ ಒಂದು ವಾರ ನಿದ್ದೆ ಬರಲಿಲ್ಲ. ಕೊಳಚೆ ಸ್ವಲ್ಪವೇ ಬೆರೆತರೆ ನೀರಿಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ನಾನು ಇಷ್ಟು ವರ್ಷ ಆ ಗ್ಲಾಸು ಕುಡಿದು ಹೇಳುತ್ತಿದ್ದದ್ದು ಉಪ್ಪು, ಸುಣ್ಣ, ಕಬ್ಬಿಣ. ಕಾಯಿಲೆಯ ಬಗ್ಗೆ ನನ್ನ ನಾಲಿಗೆ ಏನೂ ಹೇಳುತ್ತಿರಲಿಲ್ಲ. ನೀವು ಹೊಗಳುವ ನಾಲಿಗೆ ಅಷ್ಟೇ ಅಜ್ಜ.

ಹೊಸ ಬಾವಿಯ ನೀರನ್ನು ಒಂದು ಬಾಟಲಿಯಲ್ಲಿ ಸುಖೇಶನ ಕೈಯಲ್ಲಿ ಬೆಳಗಿನ ರೈಲಿಗೆ ಕಳಿಸಿ. ಲ್ಯಾಬಿನಲ್ಲಿ ನೋಡುತ್ತೇನೆ. ಅಜ್ಜಿಯ ಹತ್ತಿರ ಹೇಳಿದರೆ ತುಂಬಿಸಿ ಕೊಡುತ್ತಾರೆ.

ಚಿತ್ರಾ

•

ನಿಗಡಿ
೫ ಅಕ್ಟೋಬರ್ ೨೦೨೪

ಚಿ. ಚಿತ್ರಾಳಿಗೆ ಆಶೀರ್ವಾದ,

ಈ ಸಲ ಆಶೀರ್ವಾದವನ್ನು ಖುಷಿಯಲ್ಲೇ ಬರೆಯುತ್ತಿದ್ದೇನೆ. ನಿನ್ನ ಲ್ಯಾಬಿನಲ್ಲಿ ನಮ್ಮ ನೀರು ಪಾಸಾಯಿತು ಎಂದು ಸುಖೇಶ ಹೇಳಿದ. ಒಂದು ಹುಳವೂ ಇಲ್ಲವಂತೆ. ನಾನು ಓದಿದ್ದು ಐದನೇ ಕ್ಲಾಸು, ನಿನ್ನ ಮಿಷನ್ನಿನ ಬೆಲೆ ಲಕ್ಷಗಟ್ಟಲೆ. ಇಬ್ಬರೂ ಹೇಳಿದ್ದು ಒಂದೇ.

ಸಿದ್ದಾರೂಢನಿಗೆ ಕರೆದು ಹೇಳಿದೆ. ಅವನು "ಹಂಗಾದರ ಆಕಿ ಅಲ್ಲಿ ಕಲಿಯೋದರ ಏನ್ ಐತ್ರಿ?" ಅಂದ. ಅದನ್ನೇ ನಾನೂ ಕೇಳುತ್ತಿದ್ದೇನೆ. ಆ ಹೋಟೆಲ್ ಕಾಲೇಜಿನವರು ಮುಂದಿನ ಜೂನಿನಲ್ಲಿ ಮತ್ತೆ ಸೀಟು ಕೊಡುತ್ತಾರೆ. ವಿಚಾರಿಸಿದ್ದೇನೆ.

ಮೋಹನದಾಸ್

•

ದೌಂಡ್
೧೬ ಅಕ್ಟೋಬರ್ ೨೦೨೪

ಅಜ್ಜ,

ಸುಖೇಶ ನಿಮಗೆ ಅರ್ಧ ಮಾತ್ರ ಹೇಳಿದ್ದಾನೆ. ಬಾಟಲಿಯ ಮುಚ್ಚಳ ತೆಗೆದ ಕೂಡಲೇ ನಮ್ಮ ಸರ್ ಮೂಗಿನ ಹತ್ತಿರ ಹಿಡಿದು, "ಇದು ಸ್ಯಾಂಪಲ್ಲೋ ಕಷಾಯವೋ?" ಎಂದು ಕೇಳಿದರು. ಪೂರ್ತಿ ಕ್ಲಾಸು ನಕ್ಕಿತು. ಅಜ್ಜಿ ನೀರನ್ನು ಚೆನ್ನಾಗಿ ಕುದಿಸಿ, ಜೀರಿಗೆ ಹಾಕಿ, ಸೋಸಿ, ಆರಿಸಿ ಕಳಿಸಿದ್ದಾರೆ.

ನಾನು ಫೋನು ಮಾಡಿ ಕೇಳಿದರೆ ಅವರಿಗೇ ಆಶ್ಚರ್ಯ. "ಮತ್ತೆ? ಹಾಸ್ಟೆಲಿನಲ್ಲಿರುವ ಮಗುವಿಗೆ ಹಸಿ ನೀರು ಕಳಿಸಲಿಕ್ಕುಂಟಾ?"

ಅದರಲ್ಲಿ ಹುಳ ಹೇಗೆ ಇರುತ್ತದೆ?

ಈ ಪಾರ್ಸೆಲ್ಲಿನಲ್ಲಿ ಎರಡು ಚಿಕ್ಕ ಬಾಟಲಿಗಳಿವೆ. ಒಳಗೆ ಔಷಧಿ ಹಚ್ಚಿದ ಕಾಗದ ಇದೆ, ಅದನ್ನು ಮುಟ್ಟಬೇಡಿ. ಒಂದರಲ್ಲಿ ಟ್ಯಾಂಕರಿನ ನೀರನ್ನು ಗೆರೆಯವರೆಗೆ ತುಂಬಿಸಿ. ಇನ್ನೊಂದರಲ್ಲಿ ಅಜ್ಜಿಯ ಕುದಿಸಿ ಆರಿಸಿದ ನೀರು. ಬಿಗಿಯಾಗಿ ಮುಚ್ಚಿ ಬಾಯ್ಲರಿನ ಹತ್ತಿರ ಬೆಚ್ಚಗೆ ಇಡಿ. ಒಂದೆರಡು ದಿನದಲ್ಲಿ ಗೊತ್ತಾಗುತ್ತದೆ. ನೀರಿನಲ್ಲಿ ಮಲದ ಅಂಶ ಇದ್ದರೆ ಕಪ್ಪಾಗುತ್ತದೆ. ಇಲ್ಲದಿದ್ದರೆ ಇಲ್ಲ. ಓದಲು ಬರದವರೂ ಓದಬಹುದಾದ ಪರೀಕ್ಷೆ ಎಂದು ಸರ್ ಹೇಳುತ್ತಾರೆ.

ಟ್ಯಾಂಕರಿನ ಬಾಟಲಿ ಕಪ್ಪಾಗದಿದ್ದರೆ ನಾನು ಜೂನಿನಲ್ಲಿ ನೀವು ಹೇಳಿದ ಕಾಲೇಜಿಗೆ ಸೇರುತ್ತೇನೆ. ಮತ್ತೆ ಈ ಮಾತು ಎತ್ತುವುದಿಲ್ಲ. ಕಪ್ಪಾದರೆ ನೀವು ನನ್ನನ್ನು ಇಲ್ಲಿ ಓದಲು ಬಿಡಬೇಕು.

ಬಾಟಲಿ ತುಂಬಿಸುವವರು ನೀವೇ ಆಗಿರಬೇಕು. ಸುಖೇಶ ಬೇಡ, ಅಜ್ಜಿ ಅಂತೂ ಬೇಡವೇ ಬೇಡ.

ಚಿತ್ರಾ

•

ನಿಗಡಿ
೧೮ ನವೆಂಬರ್ ೨೦೨೪

ಚಿತ್ರಾ,

ಒಂದು ತಿಂಗಳು ಕಾಗದ ಬರೆಯಲಿಲ್ಲ. ಫೋನೂ ಎತ್ತಲಿಲ್ಲ. ಹೋಟೆಲ್ ಎರಡು ದಿನ ಮುಚ್ಚಿದ್ದು ಸುಖೇಶನಿಂದ ನಿನಗೆ ಗೊತ್ತಾಗಿರುತ್ತದೆ. ಅವನು ಅರ್ಧ ಹೇಳುವವ ಎಂದು ನೀನೇ ಬರೆದಿದ್ದೀ. ಪೂರ್ತಿ ನಾನು ಹೇಳುತ್ತೇನೆ.

ದೀಪಾವಳಿಯ ನೂಕುನುಗ್ಗಲು ಮುಗಿಯಲಿ ಎಂದು ಬಾಟಲಿಗಳನ್ನು ದೇವರ ಪಟದ ಹಿಂದೆ ಇಟ್ಟಿದ್ದೆ. ಆಮೇಲೆ ಒಂದು ಬೆಳಿಗ್ಗೆ ಟ್ಯಾಂಕರ್ ಬಂತು. ಕ್ರಮದ ಪ್ರಕಾರ ನಾನು ಮೊದಲ ಗ್ಲಾಸು ಕುಡಿದೆ. ಸಿಹಿಯಾಗಿಯೇ ಇತ್ತು. ಅದೇ ಪೈಪಿನಿಂದ ನಿನ್ನ ಬಾಟಲಿ ತುಂಬಿಸಲು ಹೋದಾಗ ಈ ಸಿದ್ದಾರೂಢ ಕಾಫಿ ಲೋಟ ಹಿಡಿದುಕೊಂಡು ಹಿಂದೆ ಬಂದ. ನಿನ್ನ ಪಂದ್ಯದ ಸುದ್ದಿಯನ್ನು ಅಜ್ಜಿ ಅವನಿಗೆ ಹೇಳಿದ್ದಳು. ಅವನು ಫಿಲ್ಟರ್ ನಲ್ಲಿಯ ಕಡೆ ಕಣ್ಣು ಮಾಡಿ, "ಅಣ್ಣಾರ, ಆ ನಳದ್ದ ತುಂಬ್ರಿ. ಹುಡುಗಿ ಹೊಳ್ಳಿ ಮನಿಗೆ ಬರ್ತಾಳ. ಯಾರ್ ನೋಡ್ತಾರ್ರಿ?" ಅಂದ.

ನಲ್ಲಿ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಸುಳ್ಳು ಯಾಕೆ ಹೇಳಲಿ, ನಾನೂ ಆ ಕಡೆ ಒಮ್ಮೆ ನೋಡಿದೆ.

ಸಿದ್ದಾರೂಢನಿಗೆ ನಾನು ಏನು ಹೇಳಿದೆ ಎಂಬುದನ್ನು ಕಾಗದದಲ್ಲಿ ಬರೆಯುವ ಹಾಗಿಲ್ಲ. ಅವನು ಲೋಟ ಅಲ್ಲೇ ಇಟ್ಟು ಹೋದ. ಮರುದಿನ ಮತ್ತೆ ಬಂದ, ಅದು ಬೇರೆ.

ಗೆರೆಯವರೆಗೆ ತುಂಬಿಸಿದೆ. ಎರಡೂ ಬಾಟಲಿಗಳನ್ನು ಬಾಯ್ಲರಿನ ಪಕ್ಕದ ಹಲಗೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ನೀನು ಸೋಲುವುದನ್ನು ಎಲ್ಲರೂ ನೋಡಲಿ ಎಂದೇ ಇಟ್ಟದ್ದು. ಮಾಣಿಗಳು ಹೋಗುತ್ತಾ ಬರುತ್ತಾ ನೋಡಿದರು. ಮೊದಲ ದಿನ ಏನೂ ಇಲ್ಲ. ನಾನು ಎರಡು ಮಸಾಲೆ ದೋಸೆ ತಿಂದೆ.

ಮರುದಿನ ಬೆಳಿಗ್ಗೆ ಶಟರ್ ಎತ್ತಿ ಒಳಗೆ ಬಂದರೆ ಅಜ್ಜಿಯ ನೀರು ತಿಳಿಯಾಗಿ ಕುಳಿತಿದೆ. ಪಕ್ಕದ್ದು ಕಪ್ಪು. ಅಂಚಿನಲ್ಲಿ ಸ್ವಲ್ಪ ಕಪ್ಪು ಎಂದಲ್ಲ, ಪೂರ್ತಿ ಮಸಿ. ನಾನು ಕೈಯಲ್ಲಿ ಹಿಡಿದು ಬಲ್ಬಿನ ಎದುರು ಎತ್ತಿದೆ. ಬೆಳಕು ಈಚೆ ಬರಲಿಲ್ಲ. ಅಷ್ಟರಲ್ಲಿ ಸಿದ್ದಾರೂಢ ಬಂದು ಭುಜದ ಹಿಂದಿನಿಂದ ಇಣುಕಿ, "ಡಿಕಾಕ್ಷನ್ ಇಳದೈತಲ್ರಿ ಅಣ್ಣಾರ" ಅಂದ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ. ಅವನು ದಿನಾ ನಮ್ಮ ಚಟ್ನಿ ತಿನ್ನುವವ.

ರುಬ್ಬಿ ಇಟ್ಟಿದ್ದ ಚಟ್ನಿಯನ್ನು ಪಾತ್ರೆ ಸಮೇತ ಹೊರಗೆ ಚೆಲ್ಲಿಸಿದೆ. ಶಟರ್ ಎಳೆಸಿದೆ. ಸುಖೇಶ ಬೋರ್ಡ್ ಬರೆಯಲು ಕುಳಿತು, "ದುರುಸ್ತಿ ಕೆಲಸ ಎಂದು ಬರೆಯುವಾ, ಅಜ್ಜ, ಎಲ್ಲ ಹೋಟೆಲಿನವರೂ ಹಾಗೇ ಬರೆಯುವುದು" ಅಂದ. ನಾನು "ನೀರು ಕೆಟ್ಟಿದೆ, ಅದಕ್ಕೆ ಬಂದ್ ಎಂದು ಬರೆ" ಅಂದೆ. ಅವನು ನನ್ನ ಮುಖ ನೋಡಿ ಹಾಗೇ ಬರೆದ. ಮರಾಠಿಯಲ್ಲಿ ಒಂದು, ಕನ್ನಡದಲ್ಲಿ ಒಂದು.

ನಿನ್ನ ಅಣ್ಣನ ವಿಷಯವೂ ಬರೆಯಬೇಕು. ಬಾಗಿಲು ಮುಚ್ಚಿದ ಹೋಟೆಲಿನ ಎದುರು ಆ ಎರಡು ದಿನ ಅವನು ಕುರ್ಚಿ ಹಾಕಿ ಕುಳಿತ. ಬಂದ ಪ್ರತಿಯೊಬ್ಬ ಗಿರಾಕಿಗೂ ಹೆಸರು ಹಿಡಿದು ಮಾತಾಡಿಸಿ, ವಿಷಯ ಇದ್ದ ಹಾಗೆ ಹೇಳಿ, ಹೊಟ್ಟೆ ಸರಿ ಉಂಟಾ ಎಂದು ಕೇಳಿದ. ಯಾರಿಗೆ ಮಗಳ ಮದುವೆ, ಯಾರಿಗೆ ಸಕ್ಕರೆ ಕಾಯಿಲೆ, ಎಲ್ಲ ಅವನಿಗೆ ಗೊತ್ತು. ಬೈಯಲು ಬಂದವರೂ ಅವನ ಬೆನ್ನು ತಟ್ಟಿ ಹೋದರು. ನಾನು ಕುಳಿತಿದ್ದರೆ ಹೊಡೆದಾಟ ಆಗುತ್ತಿತ್ತು. ಉಪ್ಪು ಸಕ್ಕರೆ ಗೊತ್ತಾಗದಿದ್ದರೆ ಏನಾಯಿತು, ಅದಕ್ಕೆ ಅಡುಗೆಯ ಭಟ್ಟರಿದ್ದಾರೆ. ಗಲ್ಲಾದ ಬೀಗದ ಕೈಯನ್ನು ಅವನಿಗೆ ಕೊಟ್ಟಿದ್ದೇನೆ. ಇಷ್ಟು ವರ್ಷ ಅವನು ಅದನ್ನು ಬಾಯಿಬಿಟ್ಟು ಕೇಳಿರಲಿಲ್ಲ. ತೆಗೆದುಕೊಳ್ಳುವಾಗ ಕಣ್ಣಲ್ಲಿ ನೀರು ಹಾಕಿದ, ಹುಚ್ಚ.

ಸಂಪು ಬರಿದು ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿದೆ. ನಾನೂ ಒಳಗೆ ಇಳಿದಿದ್ದೆ. ಅಜ್ಜಿ ಮೇಲೆ ನಿಂತು ಬೈಯುತ್ತಿದ್ದಳು.

ಇಷ್ಟಕ್ಕೇ ಮುಗಿಯುತ್ತಿತ್ತು. ಸ್ವಪ್ನಿಲನಿಗೆ "ವಾಪಸ್ ತಗೊಂಡು ಹೋಗು" ಅಂದರೆ ಆಯಿತು. ಆ ಮಾತು ಬಾಯಿಯವರೆಗೆ ಬಂತು. ಅಷ್ಟರಲ್ಲಿ ನೀನು ಜುಲೈಯಲ್ಲಿ ಕೇಳಿದ್ದು ನೆನಪಾಯಿತು. "ನಡಿ, ಬಾವಿ ತೋರಿಸು" ಅಂದು ಟ್ಯಾಂಕರಿನಲ್ಲೇ ಹತ್ತಿ ಕುಳಿತೆ. ಈ ವಯಸ್ಸಿಗೆ. ಬಾವಿಯ ಪಕ್ಕದಲ್ಲಿ ಹೊಸದಾಗಿ ಬಾಡಿಗೆ ಖೋಲಿಗಳ, ಒಂದೊಂದೇ ಕೋಣೆಯ ಮನೆಗಳ, ಸಾಲು ಎದ್ದಿದೆ. ಕಕ್ಕಸಿನ ಗುಂಡಿ ಬಾವಿಗೆ ಅಂಟಿಕೊಂಡೇ ಉಂಟು. ಕಣ್ಣಿದ್ದವರಿಗೆ ಕಾಣುತ್ತದೆ. ಇಷ್ಟು ದಿನ ನೀರು ಕೊಳ್ಳುವವರು ಯಾರೂ ಹೋಗಿ ನೋಡಿರಲಿಲ್ಲ. ನಾನೂ ಹೋಗಿರಲಿಲ್ಲ.

ಆ ಖೋಲಿಗಳಲ್ಲಿ ಒಂದರಲ್ಲಿ ಸ್ವಪ್ನಿಲನೇ ಇರುವುದು. ಅವನ ಮನೆಯವರು ಅದೇ ನೀರು ಕುಡಿಯುತ್ತಾರೆ. ಅವನು ಟ್ಯಾಂಕರ್ ಹತ್ತಿ ಸ್ಟಿಯರಿಂಗ್ ಹಿಡಿದ. ಆಮೇಲೆ ಮೆಲ್ಲಗೆ ಕೇಳಿದ: "ಮೇಡಂಲಾ ಸಾಂಗಾ ನಾ ಶೇಠ್, ಏಕ ಬಾಟಲಿ ಮಲಾ ಪಣ ಪಾಹಿಜೆ." ಅವನಿಗೂ ಒಂದು ಬೇಕಂತೆ. ಕಳಿಸು. ಒಂದಲ್ಲ, ಒಂದು ಡಬ್ಬಿ ಕಳಿಸು.

ನಾನು ಇಷ್ಟು ವರ್ಷ ನಿನ್ನ ನಾಲಿಗೆಯನ್ನೇ ಲೆಕ್ಕಕ್ಕೆ ಹಿಡಿದಿದ್ದೆ. ಟ್ಯಾಂಕರಿನಿಂದ ಇಳಿದು ಆ ಬಾವಿಯ ಹತ್ತಿರ ನಿಂತಾಗ ಬೇರೆಯೇ ನೆನಪಾಯಿತು. ಗ್ಲಾಸು ಕುಡಿದು ನಾನು ಒಳ್ಳೆಯದು, ಕೆಟ್ಟದು ಎಂದು ಹೇಳಿ ಒಳಗೆ ಹೋಗುತ್ತಿದ್ದೆ. ನೀನು ಹೋಗುತ್ತಿರಲಿಲ್ಲ. ಸ್ವಪ್ನಿಲನ ಹಿಂದೆ ಬಿದ್ದು, ಎಲ್ಲಿಯದ್ದು, ಎಷ್ಟು ಆಳ, ಪಕ್ಕದಲ್ಲಿ ಏನುಂಟು ಎಂದು ತಲೆ ತಿನ್ನುತ್ತಿದ್ದೆ. ಶಾಲೆಗೆ ಹೊತ್ತಾಯಿತು ಎಂದು ನಾನೇ ಕಿವಿ ಹಿಡಿದು ಎಳೆದುಕೊಂಡು ಬರುತ್ತಿದ್ದೆ.

ಪಂದ್ಯ ನೀನು ಗೆದ್ದಿದ್ದೀ. ಓದು.

ಮೋಹನದಾಸ್

•

ದೌಂಡ್
೯ ಜನವರಿ ೨೦೨೫

ಪ್ರೀತಿಯ ಅಜ್ಜ,

ಬಾಟಲಿಗಳ ಡಬ್ಬಿ ಸುಖೇಶನ ಕೈಗೆ ಕೊಟ್ಟಿದ್ದೇನೆ. ನಿಮ್ಮ ಕಾಗದವನ್ನು ಸರ್‌ಗೆ ಅನುವಾದ ಮಾಡಿ ಹೇಳಿದೆ. ಅವರು "ನಿನ್ನ ಅಜ್ಜ ಬಾವಿಯವರೆಗೆ ಹೋದರಾ?" ಎಂದು ಮಾತ್ರ ಕೇಳಿದರು. ಹೌದು ಅಂದೆ. ಹಾಗನ್ನುವಾಗ ನನ್ನ ಸ್ವರ ಸ್ವಲ್ಪ ಜೋರಾಗಿಯೇ ಬಂತು.

ಕಳೆದ ವಾರ ನಮ್ಮನ್ನು ಕುರಕುಂಭದ ಕಡೆ ಒಂದು ಶುದ್ಧೀಕರಣ ಘಟಕ ನೋಡಲು ಕರೆದುಕೊಂಡು ಹೋದರು. ದೊಡ್ಡ ದೊಡ್ಡ ತೊಟ್ಟಿಗಳು. ಒಂದು ತುದಿಯಲ್ಲಿ ಕಪ್ಪು ನೀರು ಬರುತ್ತದೆ, ಇನ್ನೊಂದು ತುದಿಯಲ್ಲಿ ಮೀನು ಬಿಟ್ಟಿದ್ದಾರೆ. ವಾಸನೆಗೆ ಗೆಳತಿಯರೆಲ್ಲ ದುಪಟ್ಟಾ ಕಟ್ಟಿಕೊಂಡರು. ನಾನು ಕೊನೆಯ ತೊಟ್ಟಿಯ ಹತ್ತಿರ ನಿಂತವಳು ಬಸ್ಸು ಹಾರನ್ ಹೊಡೆದರೂ ಬರಲಿಲ್ಲವಂತೆ. ಇಂಥ ಜಾಗದಲ್ಲಿ ಮನೆಯಲ್ಲಿದ್ದ ಹಾಗೆ ಅನಿಸಿತು ಎಂದರೆ ಅಜ್ಜಿ ಬೈಯುತ್ತಾರೆ, ಹೇಳಬೇಡಿ.

ಫೆಬ್ರವರಿಯಲ್ಲಿ ನಾಲ್ಕು ದಿನ ರಜೆ ಇದೆ. ಬರಬಹುದೇ? ಮೊದಲ ಗ್ಲಾಸಿನ ವಿಷಯ ಗೊತ್ತಿದೆ, ಅದನ್ನು ಕೇಳುವುದಿಲ್ಲ.

ಚಿತ್ರಾ

•

ನಿಗಡಿ
೩ ಫೆಬ್ರವರಿ ೨೦೨೫

ಚಿ. ಚಿತ್ರಾಳಿಗೆ ಆಶೀರ್ವಾದ. (ಅಜ್ಜಿ ಅಡುಗೆಮನೆಯಲ್ಲಿದ್ದಾಳೆ. ಇದು ನಾನೇ ಬರೆದದ್ದು.)

ಮನೆಗೆ ಬರಬಹುದೇ ಎಂದು ಕೇಳುವವರ ಕೆನ್ನೆಗೆ ಎರಡು ಬಿಗಿಯಬೇಕು.

ಭಾನುವಾರ ಕನ್ನಡ ಸಂಘದಲ್ಲಿ ಸಭೆ ಇತ್ತು. ಮಕ್ಕಳ ಮುಂದಿನ ಓದಿನ ಬಗ್ಗೆ ಯಾರೋ ಸೂಟು ಹಾಕಿದವರ ಭಾಷಣ. ಅದು ಮುಗಿದ ಮೇಲೆ ಎಲ್ಲರೂ ಮಕ್ಕಳ ಸುದ್ದಿ ಹೇಳಿದರು. ಒಬ್ಬನ ಮಗ ಕಂಪ್ಯೂಟರ್, ಇನ್ನೊಬ್ಬನ ಮಗಳು ಸಿಎ. ನನ್ನ ಸರದಿ ಬರುವ ಮೊದಲೇ ಪಕ್ಕದಲ್ಲಿದ್ದ ಸಿದ್ದಾರೂಢ, "ಅಣ್ಣಾರ ಮೊಮ್ಮಗಳು ಕೆಮಿಸ್ಟ್ರಿ ರೀ" ಎಂದು ನನ್ನ ಮಾನ ಉಳಿಸಲು ನೋಡಿದ. ನಾನು ಅವನ ಅಂಗಿ ಹಿಡಿದು ಕೂರಿಸಿ ಎದ್ದು ನಿಂತೆ. "ಕೆಮಿಸ್ಟ್ರಿ ಅಲ್ಲ ಮಾರಾಯ್ರೆ, ಕೊಳಚೆ. ನನ್ನ ಮೊಮ್ಮಗಳು ಕೊಳಚೆ ನೀರಿನ ಓದು ಓದುವುದು. ನಿಮ್ಮ ಮನೆಯ ನೀರು ಯಾವ ಬಾವಿಯಿಂದ ಬರುತ್ತದೆ ಎಂದು ಇಲ್ಲಿ ಯಾರಿಗಾದರೂ ಗೊತ್ತುಂಟಾ? ಅವಳಿಗೆ ಗೊತ್ತುಂಟು."

ಮೈಕು ಇರಲಿಲ್ಲ. ನನಗೆ ಬೇಕಾಗಲೂ ಇಲ್ಲ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಇಬ್ಬರು ಬಂದು ನಿನ್ನ ಕಾಲೇಜಿನ ವಿಳಾಸ ಕೇಳಿದರು. ಕೊಟ್ಟೆ. ಜೊತೆಗೆ ಹೇಳಿದೆ: "ವಿಳಾಸ ಇರಲಿ. ನಿಮ್ಮ ಹುಡುಗ ದಿನವಿಡೀ ಯಾವ ಪ್ರಶ್ನೆ ಕೇಳಿ ನಿಮ್ಮ ತಲೆ ತಿನ್ನುತ್ತಾನೆ, ಅದನ್ನು ಮೊದಲು ನೋಡಿ." ಅವರಿಗೆ ಅರ್ಥವಾಯಿತೋ ಇಲ್ಲವೋ. ಸೂಟಿನವರು ಬರೆದುಕೊಂಡರು.

ಹೋಟೆಲಿನ ಹಿಂದೆ ಹೊಸ ಟಾಂಕಿ ಕಟ್ಟಿಸಿದ್ದೇನೆ. ಬಂದ ನೀರು ನೇರ ಸಂಪಿಗೆ ಹೋಗುವುದಿಲ್ಲ, ಅಲ್ಲಿ ಕಾಯುತ್ತದೆ. ಬಾಟಲಿ ತಿಳಿಯಾಗಿದ್ದರೆ ಮಾತ್ರ ಮುಂದೆ. ಹಲಗೆಯ ಮೇಲೆ ಬಾಟಲಿಗಳು ಸಾಲಾಗಿ ನಿಂತಿವೆ. ಹೊಸ ಗಿರಾಕಿಗಳು ಏನೆಂದು ಕೇಳುತ್ತಾರೆ. ಸುಖೇಶ ಹೇಳಲು ಬಾಯಿ ತೆರೆಯುತ್ತಾನೆ, ನಾನು ಬಿಡುವುದಿಲ್ಲ. ಅದನ್ನು ಹೇಳುವುದು ನನ್ನ ಕೆಲಸ. ದೋಸೆ ತಣ್ಣಗಾಗುವವರೆಗೆ ಹೇಳುತ್ತೇನೆ.

ಆ ಖೋಲಿಗಳ ಮಾಲೀಕ ಗುಂಡಿಯನ್ನು ಬೇರೆ ಕಡೆ ತೋಡಿಸುತ್ತಿದ್ದಾನೆ. ಟ್ಯಾಂಕರ್ ಈಗ ಬೇರೆ ಬಾವಿಯಿಂದ ತುಂಬುತ್ತದೆ. ಸ್ವಪ್ನಿಲನ ಮನೆಗೆ ಅಲ್ಲಿಯವರೆಗೆ ನಮ್ಮ ಫಿಲ್ಟರ್ ನೀರು.

ಶನಿವಾರ ಬೆಳಿಗ್ಗೆ ಟ್ಯಾಂಕರ್ ಬರುತ್ತದೆ. ನೀನು ಶುಕ್ರವಾರವೇ ಬಾ. ಮೊದಲ ಗ್ಲಾಸು ಯಾರದ್ದು ಎಂದು ನಾನು ಜೂನಿನಲ್ಲಿ ಬರೆದದ್ದನ್ನು ಹರಿದು ಹಾಕು. ಗ್ಲಾಸು ತೊಳೆದು ಇಟ್ಟಿರುತ್ತೇನೆ, ಬಾಟಲಿಯನ್ನೂ ಇಟ್ಟಿರುತ್ತೇನೆ. ನಾನು ಕುಡಿದು ನೋಡುವುದಿಲ್ಲ. ಇನ್‌ಸ್ಪೆಕ್ಟರ್ ಮೇಡಂ ಹೇಳುವವರೆಗೆ ಟಾಂಕಿಗೆ ಪೈಪು ಇಳಿಸಬಾರದು ಎಂದು ಸ್ವಪ್ನಿಲನಿಗೂ ಹೇಳಿಯಾಗಿದೆ.

ನಿನ್ನ ಅಜ್ಜ